ಐವತ್ತು ಪದಗಳ ಸುಂಕ

ಉಕ್ತಲೇಖನವೆಂಬುದು ನಮ್ಮ ಪಾಠಶಾಲೆಗಳಲ್ಲಿ ಓದಿದವರಿಗೆಲ್ಲ ಪರಿಚಿತವಾದ ಸಂಗತಿ. ಉಪಾಧ್ಯಾಯರು ಪುಸ್ತಕವನ್ನು ಹಿಡಿದು ಒಂದೊಂದೇ ವಾಕ್ಯವನ್ನು ಓದುವುದು, ಹುಡುಗರು ಸ್ಲೇಟಿನ ಮೇಲೆ ಬರೆಯುವುದು, ತಪ್ಪಿಗೊಂದರಂತೆ ಪೆಟ್ಟು ಬೀಳುವುದು: ಇಷ್ಟಕ್ಕೇ ಅದರ ಚರಿತ್ರೆ ಮುಗಿಯಿತೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಈ ಬಡ ಉಕ್ತಲೇಖನವು ಐವತ್ತಾರು ವರ್ಷಗಳಿಗೂ ಮೇಲ್ಪಟ್ಟು ಒಂದು ಇಡೀ ಭೂಖಂಡಕ್ಕೆ ಕೋಟೆಬಾಗಿಲಾಗಿ ನಿಂತಿತ್ತು. ೧೯೦೧ನೆಯ ಇಸವಿಯಿಂದ ೧೯೫೮ರವರೆಗೆ ಆಸ್ಟ್ರೇಲಿಯದ ಬಂದರುಗಳಲ್ಲಿ ಇಳಿಯಬೇಕೆಂದು ಬಂದವನನ್ನು ಸರ್ಕಾರದ ಅಧಿಕಾರಿ ಮೇಜಿನ ಮುಂದೆ ಕೂಡಿಸಿ, ಕಾಗದ ಲೇಖನಿಗಳನ್ನು ಕೊಟ್ಟು, ಐವತ್ತು ಪದಗಳ ಒಂದು ವಿಷಯವನ್ನು ಓದಿ ಹೇಳಿ ಬರೆಯೆನ್ನಬಹುದಾಗಿತ್ತು. ಬರೆಯಲಾರದವನು ನಿಷಿದ್ಧ ವಲಸೆಗಾರನಾಗುತ್ತಿದ್ದನು. ಒಂದು ದೇಶಕ್ಕೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬ ಅಧಿಕಾರವನ್ನು ಸರ್ಕಾರದ ಒಂದು ಕಚೇರಿ ಹೇಗೆ ನಡಸುತ್ತದೆಂಬುದನ್ನು ಅರಿಯಬೇಕಾದರೆ ಈ ಪರೀಕ್ಷೆಯ ಕಥೆಗಿಂತ ಒಳ್ಳೆಯ ಪಾಠ ನಮಗೆ ಸಿಕ್ಕಲಾರದು.

ಕಥೆಯು ಮೊದಲಾಗುವುದು ಆಸ್ಟ್ರೇಲಿಯದಲ್ಲಲ್ಲ, ದಕ್ಷಿಣ ಆಫ್ರಿಕದ ನಟಾಲಿನಲ್ಲಿ. ೧೮೯೬ರ ಡಿಸೆಂಬರಿನಲ್ಲಿ ಕೋರ್ಲೆಂಡ್, ನಾದರಿ ಎಂಬ ಎರಡು ಹೊಗೆಹಡಗುಗಳು ಸುಮಾರು ಎಂಟುನೂರು ಜನ ಇಂಡಿಯದವರನ್ನು ಹೊತ್ತು ಡರ್ಬನ್ ಬಂದರಿಗೆ ಬಂದುವು. ಅವರಲ್ಲಿ ಗಾಂಧಿಯವರೂ ಕುಟುಂಬಸಮೇತರಾಗಿ ಇದ್ದರು. ಮುಂಬಯಿಯಲ್ಲಿ ಪ್ಲೇಗು ಇತ್ತೆಂಬ ನೆಪದಿಂದ ಹಡಗುಗಳನ್ನು ಮೂರು ವಾರಗಳಿಗೂ ಹೆಚ್ಚು ಕಾಲ ದಡಕ್ಕೆ ಬಿಡಲಿಲ್ಲ. ೧೮೯೭ರ ಜನವರಿ ೧೩ರಂದು ಜನರು ಇಳಿದಾಗ ಗಾಂಧಿಯವರ ಮೇಲೆ ಕಲ್ಲು, ಕೊಳೆತ ಮೊಟ್ಟೆಗಳು ಬಿದ್ದುದೂ, ಪೊಲೀಸು ಅಧಿಕಾರಿಯ ಹೆಂಡತಿಯಾದ ಅಲೆಕ್ಸಾಂಡರ್ ದೊರೆಸಾನಿಯವರು ತಮ್ಮ ಕೊಡೆಯನ್ನು ಅಡ್ಡ ಹಿಡಿದು ಅವರನ್ನು ಉಳಿಸಿದುದೂ ಎಲ್ಲರೂ ಬಲ್ಲ ವಿಷಯ. ಅದೇ ವರ್ಷ ನಟಾಲಿನ ಶಾಸನಸಭೆಯು ಮಾಡಿದ ಕಾನೂನನ್ನು ಮಾತ್ರ ಅಷ್ಟು ಜನ ಬಲ್ಲವರಲ್ಲ.

ನಟಾಲಿನ ಬಿಳಿಯರಿಗೆ ಬೇಕಾದುದು ಇಂಡಿಯದ ವರ್ತಕರು ಬರದಂತೆ ಮಾಡುವುದು. ವರ್ತಕರು ಎಂದು ನಾವು ಬೇಕೆಂದೇ ಹೇಳುತ್ತಿದ್ದೇವೆ. ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳು ಬೇಕೇ ಬೇಕಾಗಿದ್ದರು; ಅವರನ್ನು ಕರೆತರುವ ವ್ಯವಸ್ಥೆಯು ೧೯೧೧ರವರೆಗೂ ತಡೆಯಿಲ್ಲದೆ ನಡೆದೇ ಇತ್ತು. ದುಡಿಯುವ ಕೈ ಬೇಕು, ಅಂಗಡಿಯಿಡುವ ತಲೆ ಬೇಡ. ಆದರೆ ಇದನ್ನು ಕಾನೂನಿನ ಭಾಷೆಯಲ್ಲಿ ಬರೆಯುವುದು ಹೇಗೆ? ವಿಕ್ಟೋರಿಯ ರಾಣಿಯವರು ೧೮೫೮ರ ನವೆಂಬರಿನಲ್ಲಿ ಹೊರಡಿಸಿದ ಘೋಷಣಾಪತ್ರದಲ್ಲಿ ಇಂಡಿಯದ ಪ್ರಜೆಗಳಿಗೂ ಇತರ ಪ್ರಜೆಗಳಿಗೂ ತಾವು ಹೊಂದಿರುವ ಹೊಣೆ ಒಂದೇ ಎಂದು ಒಪ್ಪಿಕೊಂಡಿದ್ದರು. ಇಂಡಿಯದವನಿಗೆ ಪ್ರವೇಶವಿಲ್ಲವೆಂದು ಒಂದು ವಸಾಹತು ಹೆಸರಿಟ್ಟು ಬರೆದರೆ ಆ ವಾಗ್ದಾನವನ್ನು ಹರಿದುಹಾಕಿದಂತೆ ಆಗುತ್ತಿತ್ತು. ಲಂಡನ್ನಿನ ಸರ್ಕಾರ ಅಂಥ ಕಾನೂನಿಗೆ ಒಪ್ಪಿಗೆ ಕೊಡುವುದು ಕಷ್ಟವಾಗಿತ್ತು. ಆದುದರಿಂದ ನಟಾಲಿನವರು ಜಾತಿಯ ಹೆಸರನ್ನೂ ಬಣ್ಣದ ಹೆಸರನ್ನೂ ಎತ್ತಲಿಲ್ಲ. ಬಂದವನು ಯೂರೋಪಿನ ಯಾವುದಾದರೊಂದು ಭಾಷೆಯ ಲಿಪಿಯಲ್ಲಿ ಒಂದು ಗೊತ್ತಾದ ಅರ್ಜಿಯನ್ನು ಬರೆದು ರುಜು ಹಾಕಬೇಕು, ಬರೆಯಲಾರದವನು ಇಳಿಯಕೂಡದು, ಎಂದಷ್ಟೇ ವಿಧಿಸಿದರು. ನಮ್ಮ ಗಾದೆಯಂತೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಲಂಡನ್ನಿನಲ್ಲಿ ಆಗ ವಸಾಹತುಗಳ ಮಂತ್ರಿಯಾಗಿದ್ದವನು ಜೋಸೆಫ್ ಚೇಂಬರ್ಲೇನ್. ೧೮೯೭ರಲ್ಲಿ ರಾಣಿಯವರ ವಜ್ರಮಹೋತ್ಸವಕ್ಕೆಂದು ಬಂದಿದ್ದ ವಸಾಹತುಗಳ ಪ್ರಧಾನರನ್ನು ಕೂಡಿಸಿಕೊಂಡು ಆತನು ಮಾತನಾಡಿದನು. ಏಷ್ಯದವರನ್ನು ತಡೆಯಬೇಕೆಂಬ ನಿಮ್ಮ ಇಚ್ಛೆ ನಮಗೆ ಅರ್ಥವಾಗುತ್ತದೆ. ಆದರೆ ಜಾತಿಬಣ್ಣಗಳ ಭೇದವೆಣಿಸದ ಸಾಮ್ರಾಜ್ಯದ ಸಂಪ್ರದಾಯವನ್ನೂ ನೆನೆಯಿರಿ. ನಟಾಲಿನವರು ಹಿಡಿದ ದಾರಿಯಂಥದನ್ನು ಹಿಡಿದರೆ ಯಾರ ಮನಸ್ಸೂ ನೋಯದು: ಇದು ಆತನ ಉಪದೇಶದ ಸಾರಾಂಶ. ಸಾಮ್ರಾಜ್ಯದ ಮಂತ್ರಿಯೊಬ್ಬನು ಅನ್ಯಾಯವನ್ನು ಕೈಬಿಡಿರೆಂದು ಹೇಳದೆ ಅದಕ್ಕೆ ಸಭ್ಯವಾದ ಉಡುಪನ್ನು ತೊಡಿಸಿರೆಂದು ಹೇಳಿದುದು ನಮಗಂತೂ ಬಹಿರಂಗವಾದ ವೈರಕ್ಕಿಂತ ಹೆಚ್ಚು ಕಹಿಯಾಗಿ ತೋರುತ್ತದೆ. ಉಪದೇಶವು ಫಲಿಸಿತು. ಆಸ್ಟ್ರೇಲಿಯದ ಕೆಲವು ವಸಾಹತುಗಳು, ನ್ಯೂಜಿಲೆಂಡ್, ಕೇಪ್ ವಸಾಹತು, ಹೀಗೆ ಒಂದೊಂದಾಗಿ ನಟಾಲಿನ ಸೂತ್ರವನ್ನು ಎರವಲು ಪಡೆದುವು.

೧೯೦೧ರಲ್ಲಿ ಆಸ್ಟ್ರೇಲಿಯದ ಆರು ವಸಾಹತುಗಳು ಒಂದು ಒಕ್ಕೂಟವಾದುವು. ಹೊಸ ಪಾರ್ಲಿಮೆಂಟು ಮೊದಲ ವರ್ಷದಲ್ಲಿಯೇ ಕೈಗೆತ್ತಿಕೊಂಡ ದೊಡ್ಡ ಕೆಲಸಗಳಲ್ಲಿ ವಲಸೆಯನ್ನು ಬಿಗಿಹಿಡಿಯುವ ಕಾನೂನೂ ಒಂದು. ಕಾರ್ಮಿಕ ಪಕ್ಷದವರು ಮುಸುಕೇಕೆ, ಏಷ್ಯ ಆಫ್ರಿಕಗಳವರು ಬರಕೂಡದೆಂದು ನೇರವಾಗಿಯೇ ಬರೆಯೋಣವೆಂದರು. ಪ್ರಧಾನಿ ಬಾರ್ಟನ್ನನ ಸರ್ಕಾರ ಚೇಂಬರ್ಲೇನನ ದಾರಿಯನ್ನೇ ಹಿಡಿಯಿತು. ಮೊದಲ ಮಸೂದೆಯಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕೆಂದು ಇತ್ತು. ಹಾಗಾದರೆ ಯೂರೋಪಿನಿಂದ ಬರುವ ಜರ್ಮನರೂ ಇತರ ಬಿಳಿಯರೂ ಹೊರಗುಳಿಯುವರು, ಇಂಗ್ಲಿಷು ಕಲಿತ ಏಷ್ಯದವನು ಒಳಬರುವನು ಎಂಬ ಆಕ್ಷೇಪಣೆ ಬಂದಿತು. ಆಗ ಇಂಗ್ಲಿಷು ಎಂಬ ಮಾತನ್ನು ತೆಗೆದು, ಅಧಿಕಾರಿಯು ಹೇಳಿದ ಒಂದು ಯೂರೋಪಿಯನ್ ಭಾಷೆ ಎಂದು ತಿದ್ದಿದರು. ಆ ವರ್ಷದ ಡಿಸೆಂಬರ್ ೨೩ರಂದು ಕಾನೂನಿಗೆ ಒಪ್ಪಿಗೆ ದೊರೆಯಿತು.

ಈ ಸಣ್ಣ ತಿದ್ದುಪಡಿಯಲ್ಲಿಯೇ ಎಲ್ಲ ಗುಟ್ಟೂ ಅಡಗಿದೆ. ನಟಾಲಿನಲ್ಲಿ ಬರೆಯಬೇಕಾದುದು ಏನೆಂದು ಮೊದಲೇ ಗೊತ್ತಿತ್ತು. ಯೂರೋಪಿನ ಭಾಷೆಗಳಲ್ಲಿ ಒಂದನ್ನು ಬಲ್ಲವನಿಗೆ ದಾರಿಯಿತ್ತು. ಹಡಗಿನಲ್ಲಿ ಕಲಿತುಕೊಂಡು ಬಂದು ಬರೆದವನನ್ನೂ ತಡೆಯುವಂತಿರಲಿಲ್ಲ. ಆಸ್ಟ್ರೇಲಿಯದಲ್ಲಿ ಭಾಷೆಯನ್ನು ಆರಿಸುವವನು ಅಧಿಕಾರಿ. ಬಂದವನು ಇಂಗ್ಲಿಷು ಬಲ್ಲನೆ? ಫ್ರೆಂಚಿನಲ್ಲಿ ಬರೆಸು. ಫ್ರೆಂಚೂ ಬಲ್ಲನೆ? ಜರ್ಮನ್ನಿನಲ್ಲಿ ಬರೆಸು. ಅವನು ಚಾಪೆಯ ಕೆಳಗೆ ತೂರಿದರೆ ಸರ್ಕಾರ ರಂಗೋಲಿಯ ಕೆಳಗೆ ತೂರುವುದು. ಪರರಾಷ್ಟ್ರ ವ್ಯವಹಾರಗಳ ಇಲಾಖೆಗೆ ಮೊದಲ ಕಾರ್ಯದರ್ಶಿಯಾಗಿದ್ದ ಆಟ್ಲೀ ಹಂಟ್ ಎಂಬವನು ಬಂದರಿನ ಅಧಿಕಾರಿಗಳಿಗೆ ಕಳುಹಿಸಿದ ಗುಪ್ತ ಸೂಚನೆಗಳಲ್ಲಿ ಈ ಮಾತನ್ನು ಮುಚ್ಚುಮರೆಯಿಲ್ಲದೆ ತಿಳಿಸಲಾಗಿತ್ತು: ಪರೀಕ್ಷೆಯನ್ನು ಕೊಡುವುದಾದರೆ ಅದು ಪೂರ್ತಿ ತಡೆಯಾಗಿಯೇ ಇರಬೇಕು, ಬಂದವನಿಗೆ ಬಾರದ ಭಾಷೆಯಲ್ಲಿಯೇ ಕೊಡಬೇಕು. ಬಿಳಿಯನಾದ ಪ್ರಯಾಣಿಕನಿಗೆ ಸಾಮಾನ್ಯವಾಗಿ ಪರೀಕ್ಷೆಯೇ ಇಲ್ಲ; ಅವನ ಮುಂದೆ ಕಾಗದವೇ ಬರುತ್ತಿರಲಿಲ್ಲ.

ಅಂಕಿಗಳೇ ಈ ವಿದ್ಯೆಯ ಪ್ರಗತಿಯನ್ನು ತೋರಿಸುತ್ತವೆ. ೧೯೦೨, ೧೯೦೩ ಈ ಎರಡು ವರ್ಷಗಳಲ್ಲಿ ೮೦೫ ಸಲ ಪರೀಕ್ಷೆ ನಡೆದು ೪೬ ಜನ ತೇರ್ಗಡೆಯಾದರು. ೧೯೦೪ರಿಂದ ೧೯೦೯ರವರೆಗೆ ೫೫೪ ಸಲ ನಡೆದು ಆರೇ ಜನ ಗೆದ್ದರು. ೧೯೦೯ರ ತರುವಾಯ ಒಬ್ಬನೂ ಗೆಲ್ಲಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆಗಳನ್ನು ನಡಸಿ ಬೇಸತ್ತ ನಮ್ಮಂಥವರಿಗೂ ಇಂಥ ಫಲಿತಾಂಶ ಸ್ವಪ್ನದಲ್ಲಿಯೂ ಕಾಣದು. ಪ್ರಶ್ನಪತ್ರಿಕೆಯನ್ನು ಬರೆಯುವವನಿಗೆ ವಿದ್ಯಾರ್ಥಿಗೆ ಯಾವುದು ಬಾರದೆಂದು ವಿಚಾರಿಸಿಕೊಂಡು ಬರೆಯುವ ಅಧಿಕಾರವಿದ್ದಾಗ ಮಾತ್ರ ಇದು ಸಾಧ್ಯ.

ಈ ಪರೀಕ್ಷಕರು ಯಾರು? ಪಂಡಿತರಲ್ಲ, ಭಾಷಾಶಾಸ್ತ್ರಜ್ಞರಲ್ಲ, ಸುಂಕದ ಇಲಾಖೆಯ ನೌಕರರು. ವಲಸೆಗೆಂದು ಬೇರೆ ಮಂತ್ರಿಶಾಖೆಯೊಂದು ಆಸ್ಟ್ರೇಲಿಯದಲ್ಲಿ ಏರ್ಪಟ್ಟುದು ೧೯೪೫ರಲ್ಲಿ. ಅದುವರೆಗೂ ಹಡಗನ್ನು ಹತ್ತಿ ಸಾಮಾನುಗಳ ಪೆಟ್ಟಿಗೆಗಳನ್ನು ತೆರೆಸಿ ನೋಡುತ್ತಿದ್ದ ಅಧಿಕಾರಿಗಳೇ ಮನುಷ್ಯರನ್ನೂ ನೋಡಿ ಬಿಡುತ್ತಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮವರ ಮಾತು ಇಲ್ಲಿ ಅಕ್ಷರಶಃ ಸತ್ಯವಾಯಿತು. ಕಾನೂನಿನ ಇನ್ನೊಂದು ಕೈ ಹಡಗಿನ ಯಜಮಾನರ ಕತ್ತಿನ ಮೇಲಿತ್ತು. ನಿಷಿದ್ಧ ವಲಸೆಗಾರನೊಬ್ಬನು ಹಡಗಿನಿಂದ ಇಳಿದುದು ಗೊತ್ತಾದರೆ ತಲೆಗೆ ನೂರು ಪೌಂಡಿನಂತೆ ದಂಡ. ಆದುದರಿಂದ ಬಂದರು ಸೇರುವುದಕ್ಕೆ ಎಷ್ಟೋ ಮೊದಲೇ, ಟಿಕೆಟು ಮಾರುವ ಕಡೆಯಲ್ಲಿಯೇ, ಬಾಗಿಲು ಮುಚ್ಚಿರುತ್ತಿತ್ತು. ದಡ ಸೇರಿದವನೂ ನಿಶ್ಚಿಂತನಾಗಿರುವಂತಿರಲಿಲ್ಲ. ಬಂದು ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಅವನನ್ನು ಕರೆದು ಬರೆಯೆನ್ನಬಹುದಾಗಿತ್ತು. ಈ ಅವಧಿಯನ್ನು ಮುಂದೆ ಬೆಳೆಸುತ್ತ ಬೆಳೆಸುತ್ತ ಐದು ವರ್ಷಗಳವರೆಗೆ ತಂದರು. ತಪ್ಪಿದವನಿಗೆ ಆರು ತಿಂಗಳವರೆಗೆ ಸೆರೆ, ಬಳಿಕ ಗಡೀಪಾರು.

ಜಪಾನಿನವರು ಇದನ್ನು ಕೇಳಿ ಕೆರಳಿದರು. ಏಷ್ಯದ ಭಾಷೆಗಳನ್ನೆಲ್ಲ ಒಂದೇ ಗಂಟು ಕಟ್ಟಿ ಹೊರಗಿಟ್ಟುದು ತಮ್ಮ ರಾಷ್ಟ್ರಕ್ಕೆ ಅವಮಾನವೆಂದು ಅವರ ಪ್ರತಿನಿಧಿ ಪ್ರತಿಭಟಿಸಿದನು. ೧೯೦೫ರಲ್ಲಿ ಆಸ್ಟ್ರೇಲಿಯದವರು ಯೂರೋಪಿಯನ್ ಭಾಷೆ ಎಂಬುದನ್ನು ಅಳಿಸಿ, ಗೊತ್ತುಪಡಿಸಿದ ಯಾವುದೇ ಭಾಷೆ ಎಂದು ಬರೆದರು. ಕಾಗದದ ಮೇಲೆ ಎಲ್ಲ ಭಾಷೆಗಳಿಗೂ ಸಮಾನ ಗೌರವ ದೊರೆಯಿತು. ಆದರೆ ಭಾಷೆಗಳನ್ನು ಗೊತ್ತುಪಡಿಸುವ ನಿಯಮವನ್ನು ಯಾರೂ ಎಂದೂ ಮಾಡಲಿಲ್ಲ! ನಿಯಮವಾಗುವವರೆಗೆ ಹಳೆಯ ಪದ್ಧತಿಯೇ ನಡೆಯತಕ್ಕದ್ದೆಂದು ಇದ್ದುದರಿಂದ ಯೂರೋಪಿನ ಭಾಷೆಗಳೇ ಉಳಿದುವು.

ಇನ್ನು ನಮ್ಮವರ ವಿಷಯ. ಆಗ ಆಸ್ಟ್ರೇಲಿಯದಲ್ಲಿ ಕೆಲವು ಸಾವಿರ ಮಂದಿ ಇಂಡಿಯದವರಿದ್ದರು. ಪಂಜಾಬಿನಿಂದ ಹೋಗಿ ಹಳ್ಳಿಹಳ್ಳಿ ತಿರುಗಿ ಬಟ್ಟೆಬರೆ ಮಾರುವವರು, ಕ್ವೀನ್ಸ್‌ಲೆಂಡಿನ ಕಬ್ಬಿನ ಗದ್ದೆಗಳಲ್ಲಿ ದುಡಿಯುವವರು, ನೀರಿಲ್ಲದ ಒಳನಾಡಿನಲ್ಲಿ ಒಂಟೆಗಳ ಮೇಲೆ ಸಾಮಾನು ಸಾಗಿಸುವವರು. ಈ ಒಂಟೆಯವರು ಬಲೂಚಿಸ್ಥಾನ, ಸಿಂಧ್, ಪಂಜಾಬ್ ಎಲ್ಲಿಂದ ಬಂದಿದ್ದರೂ ಅಲ್ಲಿಯ ಜನ ಅವರನ್ನು ಒಟ್ಟಾಗಿ ಆಫ್ಘನರೆಂದೇ ಕರೆದರು. ಕಾನೂನು ಬರುವುದಕ್ಕೆ ಮೊದಲೇ ನೆಲೆಸಿದ್ದ ಇವರನ್ನು ಓಡಿಸುವಂತಿರಲಿಲ್ಲ. ಆದರೆ ತಾಯಿಯನ್ನು ನೋಡಲೆಂದೋ, ಮದುವೆಗೆಂದೋ ಊರಿಗೆ ಬಂದವನು ಹಿಂದಿರುಗುವಾಗ ಹೊಸಬನಂತೆಯೇ ಪರೀಕ್ಷೆಗೆ ಒಳಗಾಗಬೇಕು. ಇದರಿಂದ ತಪ್ಪಿಸಿಕೊಳ್ಳಲು ಹೊರಡುವ ಮುನ್ನ ಸುಂಕದ ಕಚೇರಿಯಲ್ಲಿ ಒಂದು ವಿನಾಯಿತಿಪತ್ರವನ್ನು ಪಡೆಯಬೇಕಾಗಿತ್ತು. ಒಳ್ಳೆಯ ನಡತೆಯವನೆಂದು ಸ್ಥಳೀಯರು ಕೊಟ್ಟ ಪತ್ರಗಳನ್ನು ಜೊತೆಗಿಡಬೇಕು. ವಿನಾಯಿತಿಪತ್ರದಲ್ಲಿ ಅವನ ಹೆಸರು, ವಯಸ್ಸು, ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗುರುತುಗಳು. ಎದುರಿನಿಂದ ಒಂದು, ಪಕ್ಕದಿಂದ ಒಂದು ಭಾವಚಿತ್ರ. ಹಿಂಬದಿಯಲ್ಲಿ ಮಸಿ ಬಳಿದು ಒತ್ತಿಸಿಕೊಂಡ ಅಂಗೈಯ ಮುದ್ರೆ. ಒಂದು ಪ್ರತಿ ಅವನ ಕೈಗೆ, ಇನ್ನೊಂದು ಕಚೇರಿಗೆ. ತಿರುಗಿ ಬಂದಾಗ ಎರಡನ್ನೂ ಎದುರಿಟ್ಟು ಹೋಲಿಸುತ್ತಿದ್ದರು. ಪತ್ರದ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಊರಿನಲ್ಲಿ ಕಾಯಿಲೆ ಬಿದ್ದು ಅವಧಿ ಮೀರಿದವನು ಮತ್ತೆ ಅರ್ಜಿ ಬರೆದು ಕಚೇರಿಯ ದಯೆಯನ್ನು ಕಾಯಬೇಕಾಗಿತ್ತು.

ಈ ಪತ್ರಗಳ ಸಾವಿರಾರು ಪ್ರತಿಗಳು ಆಸ್ಟ್ರೇಲಿಯದ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ಇಂದಿಗೂ ಇವೆ. ಪೇಟ ಸುತ್ತಿದ ಪಂಜಾಬಿಗಳು, ಕೋಟು ಟೈಗಳ ಚೀನೀಯರು, ತಾಯಿಯ ಮಡಿಲಿನ ಮಕ್ಕಳು. ತಾವು ಬದುಕಿದ ಊರುಗಳಲ್ಲಿ ಬೇರೆ ಗುರುತನ್ನೇ ಬಿಡದೆ ಹೋದ ಎಷ್ಟೋ ಜನರ ಮುಖವನ್ನು ನಾವು ಕಾಣಬೇಕಾದರೆ ಅವರನ್ನು ದೂರವಿಡಲು ಬಯಸಿದ ಕಚೇರಿಯ ಕಡತಗಳನ್ನೇ ತೆರೆಯಬೇಕು. ಚರಿತ್ರಕಾರನು ಇಂಥ ಉಪಕಾರಗಳನ್ನೂ ಸ್ವೀಕರಿಸಬೇಕಾಗುತ್ತದೆ.

ಇಂಡಿಯದ ವಿದ್ಯಾವಂತರಿಗಾಗಿ ೧೯೦೪ರಲ್ಲಿ ಒಂದು ಕಿಟಕಿ ತೆರೆಯಿತು. ವಿದ್ಯಾರ್ಥಿ, ವರ್ತಕ, ಪ್ರವಾಸಿ ಈ ಮೂರು ವರ್ಗದವರು ತಮ್ಮ ಸರ್ಕಾರದ ರಹದಾರಿಯನ್ನು ಹಿಡಿದು ಬಂದರೆ ಒಂದು ವರ್ಷದವರೆಗೆ ಪರೀಕ್ಷೆಯಿಲ್ಲದೆ ಇರಬಹುದೆಂದು ಏರ್ಪಾಡಾಯಿತು. ರಹದಾರಿಯು ಅಪರೂಪದ ವಸ್ತುವಾಗಿದ್ದ ಆ ಕಾಲದಲ್ಲಿ, ಹೊರಡುವ ಊರಿನಲ್ಲಿಯೇ ಮನುಷ್ಯನನ್ನು ಸೋಸಿ ಕಳುಹಿಸುವ ಪದ್ಧತಿಗೆ ಇದು ಒಂದು ನಾಂದಿಯೆಂದು ಹೇಳಬಹುದು. ೧೯೨೨ರಲ್ಲಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಆಸ್ಟ್ರೇಲಿಯದಲ್ಲಿ ಸಂಚರಿಸಿ ಅಲ್ಲಿ ನೆಲೆಸಿದ್ದ ಇಂಡಿಯದವರಿಗೆ ಪೌರರ ಹಕ್ಕುಗಳು ದೊರೆಯಬೇಕೆಂದು ವಾದಿಸಿದರು. ಅವರ ಇಂಗ್ಲಿಷಿನ ಸೊಬಗನ್ನು ಇಂಗ್ಲಿಷರೇ ಹೊಗಳುತ್ತಿದ್ದ ಕಾಲ ಅದು. ೧೯೨೫ರಲ್ಲಿ ಅಲ್ಲಿದ್ದ ಬ್ರಿಟಿಷ್ ಇಂಡಿಯದವರಿಗೆ ಒಕ್ಕೂಟದ ಚುನಾವಣೆಗಳಲ್ಲಿ ಮತದ ಹಕ್ಕು ಬಂದಿತು. ಒಳಗಿದ್ದವರ ಸ್ಥಿತಿ ಸುಧಾರಿಸಿತು. ಹೊರಗಿದ್ದವರಿಗೆ ಬಾಗಿಲು ಹಾಗೆಯೇ ಇತ್ತು.

ಕಾನೂನಿನಲ್ಲಿ ಗುರಿಯ ಹೆಸರಿಲ್ಲದಿದ್ದರೆ ಆಯುಧವು ಯಾರ ಕಡೆಗಾದರೂ ತಿರುಗಬಹುದಷ್ಟೆ. ೧೯೦೮ರಲ್ಲಿ ಜೇಮ್ಸ್ ಮಿನಹನ್ ಎಂಬವನು ಮೆಲ್ಬರ್ನಿಗೆ ಬಂದನು. ಅವನು ಹುಟ್ಟಿದುದು ಅದೇ ವಿಕ್ಟೋರಿಯ ಪ್ರಾಂತದಲ್ಲಿ. ತಾಯಿ ಬಿಳಿಯಳು, ತಂದೆ ಚೀನೀಯ. ಐದು ವರ್ಷದ ಮಗುವಾಗಿದ್ದಾಗ ತಂದೆಯೊಡನೆ ಚೀನಕ್ಕೆ ಹೋಗಿ ಇಪ್ಪತ್ತಾರು ವರ್ಷಗಳ ಮೇಲೆ ಹಿಂದಿರುಗಿದ್ದನು. ಅಧಿಕಾರಿಗಳು ಪರೀಕ್ಷೆ ಕೊಟ್ಟರು, ಅವನು ತಪ್ಪಿದನು. ಮೊಕದ್ದಮೆಯು ಹೈಕೋರ್ಟಿನವರೆಗೆ ಹೋಯಿತು. ತನ್ನ ಮನೆಗೆ ಹಿಂದಿರುಗುವವನು ವಲಸೆಗಾರನೇ ಅಲ್ಲ, ಆದುದರಿಂದ ಅವನಿಗೆ ಪರೀಕ್ಷೆಯೂ ಸಲ್ಲದು, ಎಂದು ನ್ಯಾಯಾಧೀಶರಲ್ಲಿ ಬಹುಮಂದಿ ತೀರ್ಪಿತ್ತರು. ಪರೀಕ್ಷೆ ನ್ಯಾಯವೇ ಅನ್ಯಾಯವೇ ಎಂಬ ಮಾತು ಮಾತ್ರ ಅಲ್ಲಿ ಹುಟ್ಟಲಿಲ್ಲ. ಹುಟ್ಟುವಂತೆಯೂ ಇರಲಿಲ್ಲ, ಏಕೆಂದರೆ ಬರೆಯಲಾರದವನು ನಿಜವಾಗಿಯೂ ಬರೆಯಲಾರದವನೇ, ಕಾನೂನು ಕೇಳಿದುದೂ ಅಷ್ಟನ್ನೇ. ಈ ಯಂತ್ರದ ಕುಶಲತೆಯೆಲ್ಲ ಇಲ್ಲಿತ್ತೆಂದು ನಮ್ಮ ಅಭಿಪ್ರಾಯ. ಬಣ್ಣಕ್ಕಾಗಿ ತಡೆದರೆ ತಡೆದವನಿಗೆ ಅಪಕೀರ್ತಿ. ಉಕ್ತಲೇಖನದಲ್ಲಿ ತಪ್ಪಿಸಿದರೆ ತಪ್ಪಿದವನಿಗೇ ಅಪಕೀರ್ತಿ.

ಬಿಳಿಯರ ಮೇಲೆ ತಿರುಗಿದಾಗ ಮಾತ್ರ ಈ ಆಯುಧದ ನಗೆಗೇಡು ಬಯಲಿಗೆ ಬಂದಿತು. ೧೯೩೪ರ ನವೆಂಬರಿನಲ್ಲಿ ಪ್ರಾಗಿನ ಪತ್ರಿಕಾಲೇಖಕನಾದ ಎಗೋನ್ ಕಿಶ್ ಎಂಬವನು ಯುದ್ಧವಿರೋಧಿ ಸಭೆಯೊಂದರಲ್ಲಿ ಭಾಷಣ ಮಾಡಲು ಆಸ್ಟ್ರೇಲಿಯಕ್ಕೆ ಬಂದನು. ಕಮ್ಯೂನಿಸ್ಟನೆಂದು ಸರ್ಕಾರ ಅವನನ್ನು ಇಳಿಯಗೊಡಲಿಲ್ಲ. ಮೆಲ್ಬರ್ನಿನಲ್ಲಿ ಅವನು ಹಡಗಿನ ಕಟಕಟೆಯಿಂದ ದಕ್ಕೆಯ ಮೇಲಕ್ಕೆ ಧುಮುಕಿ ಕಾಲು ಮುರಿದುಕೊಂಡನು. ಸಿಡ್ನಿಯಲ್ಲಿ ನ್ಯಾಯಾಧೀಶ ಇವಾಟ್ ಅವನನ್ನು ಬಿಡಿಸಿದನು. ಬಿಡುಗಡೆಯಾದೊಡನೆ ಪೊಲೀಸಿನವರು ಹಿಡಿದು ಉಕ್ತಲೇಖನಕ್ಕೆ ಕೂಡಿಸಿದರು. ಕಿಶ್ ಅನೇಕ ಭಾಷೆಗಳನ್ನು ಬಲ್ಲವನು. ಆದುದರಿಂದ ಆರಿಸಿದ ಭಾಷೆ ಸ್ಕಾಟ್ಲೆಂಡಿನ ಗೇಲಿಕ್! ಆ ಭಾಷೆ ಬಲ್ಲನೆಂದು ಹುಡುಕಿ ತಂದ ಕಾನ್‌ಸ್ಟೇಬಲನು, ಕ್ರೈಸ್ತರು ನಿತ್ಯವೂ ಹೇಳುವ ಪ್ರಾರ್ಥನೆಯ ಒಂದು ಸಾಲನ್ನು ಗೇಲಿಕ್ಕಿನಲ್ಲಿ ನ್ಯಾಯಸ್ಥಾನದಲ್ಲಿ ಕೊಟ್ಟು ಅರ್ಥ ಕೇಳಿದಾಗ ಸರಿಯಾಗಿ ಹೇಳಲಾರದೆ ಹೋದನು. ಪರೀಕ್ಷಕನೇ ತಪ್ಪಿದ ಪರೀಕ್ಷೆ ಅದು. ಡಿಸೆಂಬರಿನಲ್ಲಿ ಹೈಕೋರ್ಟು, ಸ್ಕಾಟಿಷ್ ಗೇಲಿಕ್ ಈ ಕಾನೂನಿನ ಅರ್ಥದಲ್ಲಿ ಯೂರೋಪಿಯನ್ ಭಾಷೆಯಲ್ಲವೆಂದು ಬಹುಮತದಿಂದ ತೀರ್ಮಾನಿಸಿತು. ಕಿಶ್ ಬಿಡುಗಡೆ ಹೊಂದಿದನು. ಆಸ್ಟ್ರೇಲಿಯದ ಸ್ಕಾಟಿಷರು ತಮ್ಮ ಹಿರಿಯರ ಭಾಷೆಗೆ ಅವಮಾನವಾಯಿತೆಂದು ಪತ್ರಿಕೆಗಳಲ್ಲಿ ಹರಿಹಾಯ್ದರು.

ಎರಡು ವರ್ಷಗಳ ಮೇಲೆ, ೧೯೩೬ರಲ್ಲಿ, ಮೇಬಲ್ ಫ್ರೀಯರ್ ಎಂಬ ಬ್ರಿಟಿಷ್ ಮಹಿಳೆಯ ಸರದಿ ಬಂದಿತು. ಇಂಡಿಯದಿಂದ ಬಂದ ಈಕೆ ಒಬ್ಬ ವಿವಾಹಿತ ಸೈನ್ಯಾಧಿಕಾರಿಯ ಸಂಗಾತಿಯಾಗಿದ್ದುದು ಸರ್ಕಾರಕ್ಕೆ ಹಿಡಿಸಲಿಲ್ಲ. ಇಟಾಲಿಯನ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟು ಎರಡು ಸಲ ತಡೆದರು. ನಡತೆಯ ದೋಷವೆಂದು ಹೇಳುವ ಧೈರ್ಯ ಸಾಲದೆ ಇಟಾಲಿಯನ್ ಬಾರದ ದೋಷವನ್ನು ಹೊರಿಸಿದರು! ಪತ್ರಿಕೆಗಳೂ ಪಾರ್ಲಿಮೆಂಟೂ ಗದ್ದಲವೆಬ್ಬಿಸಿದ ಮೇಲೆ ೧೯೩೭ರಲ್ಲಿ ಆಕೆಯನ್ನು ಬರಗೊಟ್ಟರು. ಸಾವಿರಾರು ಏಷ್ಯದವರು ಅದೇ ಮೇಜಿನಿಂದ ಎದ್ದು ಹಿಂದಿರುಗಿದಾಗ ಇಂಥ ಗದ್ದಲ ಕೇಳಿಬಂದಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕಾಗಿದೆ.

ಉಕ್ತಲೇಖನವನ್ನು ತೆಗೆದುಹಾಕಿದುದು ೧೯೫೮ರ ವಲಸೆ ಕಾನೂನು. ಅದರ ಬದಲು ಪ್ರವೇಶದ ಅನುಮತಿ ಎಂಬ ಸರಳ ವ್ಯವಸ್ಥೆ ಬಂದಿತು. ಪರೀಕ್ಷೆ ಹೋದರೂ ಅದರ ಹಿಂದಿದ್ದ ನೀತಿ ಕೂಡಲೆ ಹೋಗಲಿಲ್ಲ. ಅನುಮತಿಯನ್ನು ಕೊಡುವ, ಕೊಡದಿರುವ ಸ್ವಾತಂತ್ರ್ಯ ಕಚೇರಿಗೇ ಇತ್ತು. ೧೯೬೬ರಲ್ಲಿ ಹೆರಲ್ಡ್ ಹೋಲ್ಟನ ಸರ್ಕಾರ ಕಟ್ಟನ್ನು ಸಡಿಲಿಸಿತು. ೧೯೭೩ರಲ್ಲಿ ವಿಟ್ಲಮನ ಸರ್ಕಾರ ಬಣ್ಣದ ವಿಚಾರವನ್ನು ವಲಸೆಯ ನಿಯಮಗಳಿಂದ ತೆಗೆಯಿತು. ೧೯೭೫ರಲ್ಲಿ ಜನಾಂಗಭೇದವನ್ನು ನಿಷೇಧಿಸುವ ಕಾನೂನಾಯಿತು. ೧೯೯೪ರ ಸೆಪ್ಟೆಂಬರಿನಿಂದ ಆ ದೇಶದ ಪೌರನಲ್ಲದ ಪ್ರತಿಯೊಬ್ಬನೂ ವೀಸಾ ಹೊಂದಿರಲೇಬೇಕೆಂದು ಏರ್ಪಾಡಾಗಿದೆ. ೨೦೨೧ರ ಜನಗಣತಿಯ ವೇಳೆಗೆ ಆಸ್ಟ್ರೇಲಿಯದಲ್ಲಿ ವಾಸಿಸುವ, ಭಾರತದಲ್ಲಿ ಹುಟ್ಟಿದವರ ಸಂಖ್ಯೆ ಆರು ಲಕ್ಷ ಎಪ್ಪತ್ತು ಸಾವಿರವನ್ನು ದಾಟಿತ್ತು; ಹೊರದೇಶಗಳಲ್ಲಿ ಹುಟ್ಟಿದವರಲ್ಲಿ ಇಂಗ್ಲೆಂಡಿನವರನ್ನು ಬಿಟ್ಟರೆ ಇವರೇ ಹೆಚ್ಚು. ನಮ್ಮ ಶಿಷ್ಯರಲ್ಲಿಯೂ ಕೆಲವರು ಈ ಲೆಕ್ಕದಲ್ಲಿ ಸೇರಿದ್ದಾರೆ.

ಅವರು ಹೋಗುವುದಕ್ಕೆ ಮುಂಚೆ ಇಂದಿಗೂ ಒಂದು ಭಾಷಾಪರೀಕ್ಷೆಯನ್ನು ಕೊಡುತ್ತಾರೆ. ಹೆಸರು ಕೇಳಿ ಎರಡೂ ಒಂದೇ ಎನ್ನುವವರಿದ್ದಾರೆ; ನಾವು ಹಾಗೆ ಹೇಳಲಾರೆವು. ಈಗಿನ ಪರೀಕ್ಷೆಯ ಭಾಷೆ ಇಂಗ್ಲಿಷೆಂದು ಮೊದಲೇ ಗೊತ್ತು, ಎಷ್ಟು ಅಂಕ ಬೇಕೆಂದು ಗೊತ್ತು, ತಪ್ಪಿದರೆ ಮತ್ತೆ ಬರೆಯಬಹುದು. ಹಲವು ಬಗೆಯ ವೀಸಾಗಳ ನಿರಾಕರಣೆಯನ್ನು ಪ್ರಶ್ನಿಸಿ ೨೦೨೪ರಲ್ಲಿ ಹೊಸದಾಗಿ ಏರ್ಪಟ್ಟ ಪುನರ್ವಿಮರ್ಶಾ ಮಂಡಲಿಗೆ ಹೋಗಲೂಬಹುದು. ಹಾಗೆಂದು ಈಗಿನ ಕಚೇರಿ ಮೃದುವಾದುದೆಂದಲ್ಲ. ವೀಸಾ ಇಲ್ಲದೆ ದೋಣಿಗಳಲ್ಲಿ ಬಂದು ಆಶ್ರಯ ಬೇಡಿದವರನ್ನು ೨೦೦೧ರಿಂದ ನವುರು ಎಂಬ ದೂರದ ದ್ವೀಪಕ್ಕೆ ಸಾಗಿಸಿ ಇರಿಸಿದುದನ್ನು ಅಲ್ಲಿಯ ಜನರೇ ಹಲವರು ಖಂಡಿಸಿದ್ದಾರೆ. ಹಡಗಿನ ಯಜಮಾನನ ತಲೆಯ ಮೇಲಿದ್ದ ದಂಡವೂ ಕಾನೂನಿನಿಂದ ಅಳಿದಿಲ್ಲ. ಅದು ಈಗ ವಿಮಾನದ ಕಂಪೆನಿಗಳಿಗೆ ಸಂದಿದೆ. ಸಿಡ್ನಿಗೆಂದು ಬೆಂಗಳೂರಿನಲ್ಲಿ ವಿಮಾನ ಹತ್ತಲು ಹೋದವನ ವೀಸಾವನ್ನು ಆಸ್ಟ್ರೇಲಿಯದ ಅಧಿಕಾರಿಗಿಂತ ಮೊದಲು ಟಿಕೆಟು ನೋಡುವ ಗುಮಾಸ್ತನು ಪರೀಕ್ಷಿಸುವುದು ಈ ಕಾರಣದಿಂದಲೇ.